ಕಾಣದ ತಟ್ಟೆಗೆ ಸಾಕ್ಷಿ

ಬೆಳಿಗ್ಗೆಯಿಂದ ಅವಳ ಬಾಯಲ್ಲಿ ಕಬ್ಬಿಣದ ರುಚಿ. ನಿದ್ದೆಯಲ್ಲಿ ನಾಲಿಗೆ ಕಚ್ಚಿಕೊಂಡಿದ್ದಳು. ಹಲ್ಲುಜ್ಜಿ ಉಗಿದ ನೊರೆ ಕೆಂಪಗಿತ್ತು. ಅದನ್ನು ನೋಡಿದಾಗ ಅವಳಿಗೆ ಮೊದಲು ಬಂದದ್ದು ನೋವಲ್ಲ, ನನಗೂ ಬಾಯಿಗೇ ಆಯಿತಲ್ಲ ಎಂಬ ನಾಚಿಕೆಗೆಟ್ಟ ಸಮಾಧಾನ. ಅಕ್ಕನ ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಲ್ಲುಸಾಲನ್ನೂ ಕೆಳಗಿನದನ್ನೂ ಸೇರಿಸಿ ಡಾಕ್ಟರು ತಂತಿ ಬಿಗಿದಿದ್ದರು. ಈಗ ಅಕ್ಕ ಹಲ್ಲಿನ ಸಂದಿಯಿಂದ ಉಸಿರಾಡುತ್ತಾಳೆ, ಹಲ್ಲಿನ ಸಂದಿಯಿಂದ ನೀರು ಹೀರುತ್ತಾಳೆ. ಮಾತು ಮಾತ್ರ ಆ ಸಂದಿಯಲ್ಲಿ ತೂರಿ ಬರುವಷ್ಟು ಸಣ್ಣದಲ್ಲ. ಇವತ್ತು ಮಧ್ಯಾಹ್ನ ವಾರ್ಡಿಗೆ ಪೊಲೀಸ್ ಅಧಿಕಾರಿಣಿ ಬರುವವಳಿದ್ದಳು. 'ಗಂಡನೇ ಹೊಡೆದದ್ದಾ?' ಎಂದು ಡಾಕ್ಟರು ಕೇಳಿದಾಗ ಅಕ್ಕ, ಮದುವೆಯಾದಂದಿನಿಂದ ಮೊದಲನೆಯ ಸಲ, ಹೌದೆಂದು ತಲೆಯಾಡಿಸಿದ್ದಳು. ಆದರೆ ತಲೆಯಾಡಿಸಿದ್ದು ಸಾಲದಂತೆ. ನೋವಿನ ಮದ್ದು ತೆಗೆದುಕೊಂಡವರು ಯಾವುದಕ್ಕೂ ತಲೆಯಾಡಿಸುತ್ತಾರಂತೆ, ಏನು ಬೇಕಾದರೂ ಬರೆದುಕೊಡುತ್ತಾರಂತೆ. ಆ ಮನೆಯಲ್ಲಿದ್ದ ಮೂರನೆಯ ಜೀವವೆಂದರೆ ಇವಳು. ಇವಳು ಬಾಯಿ ಬಿಟ್ಟರೆ ಉಂಟು; ಇಲ್ಲವಾದರೆ ಸಂಜೆ ಭಾವ ಕಾರು ತಂದು ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗುತ್ತಾನೆ, ಅದೇ ಮನೆಗೆ, ಅದೇ ಬಚ್ಚಲಿಗೆ, ಜಾರಿಬಿದ್ದಳು ಎಂದು ಅವನು ಊರಿಗೆಲ್ಲ ಹೇಳಿರುವ ಅದೇ ಟೈಲ್ಸಿನ ಮೇಲಕ್ಕೆ.

ಇಷ್ಟಿದ್ದರೂ ಅವಳು ಕೆಲಸಕ್ಕೆ ಬಂದಿದ್ದಳು. ಬಾರದಿದ್ದರೆ ಬಾರದ್ದಕ್ಕೆ ಕಾರಣ ಹೇಳಬೇಕಾಗುತ್ತಿತ್ತು, ಮತ್ತು ಕಾರಣ ಕೇಳುವವನೂ ಭಾವನೇ. ಮನೆಯಲ್ಲಿ ಭಾವ, ಇಲ್ಲಿ ನಕ್ಷತ್ರಗಳ ಲ್ಯಾಬಿನಲ್ಲಿ ಸರ್. ಉಳಿದವರೆಲ್ಲರ ಬಾಯಲ್ಲಿ ಮೇಷ್ಟ್ರು. ಪರದೆಯ ಮೇಲೆ ಬೆಳಕಿನ ಗೆರೆ ಎಡದಿಂದ ಬಲಕ್ಕೆ ನಡುಗುತ್ತ ಸಾಗಿ, ಒಂದು ಕಡೆ ಧೊಪ್ಪೆಂದು ಕುಸಿದು, ತಡವರಿಸಿ, ಮತ್ತೆ ಎದ್ದಿತ್ತು. ಮುಂದೆ ಅಷ್ಟೇ ದೂರದಲ್ಲಿ ಮತ್ತೆ ಕುಸಿದಿತ್ತು. ಆಕಾಶದ ಯಾವುದೋ ಮೂಲೆಯಲ್ಲಿ ಒಂದನ್ನೊಂದು ಸುತ್ತುವ ಜೋಡಿಯೊಂದರ ಎಕ್ಸ್-ರೇ ಬೆಳಕು ಅದು. ಜೋಡಿಯಲ್ಲಿ ಒಂದು ಸತ್ತ ನಕ್ಷತ್ರ; ಅಗಲದಲ್ಲಿ ಒಂದು ಪಟ್ಟಣದಷ್ಟು, ತೂಕದಲ್ಲಿ ಸೂರ್ಯನನ್ನೂ ಮೀರಿಸುವಂಥದ್ದು. ಇನ್ನೊಂದು ಇನ್ನೂ ಬದುಕಿರುವುದು. ಅದರ ಮೈಯ ಅನಿಲವನ್ನು ಸತ್ತದ್ದು ಎಳೆಎಳೆಯಾಗಿ ಕಿತ್ತುಕೊಳ್ಳುತ್ತದೆ. ಕಿತ್ತದ್ದು ನೇರವಾಗಿ ಬಂದು ಬೀಳುವುದಿಲ್ಲ. ಸುತ್ತುವವುಗಳಿಂದ ಬಂದದ್ದು ತಾನೂ ಸುತ್ತುತ್ತ, ತಟ್ಟೆಯ ಆಕಾರ ತಾಳಿ, ತನ್ನನ್ನು ತಾನೇ ಉಜ್ಜಿಕೊಂಡು ಕಾದು ಉರಿದು, ಆಮೇಲೆ ಬೀಳುತ್ತದೆ. ಈ ತಟ್ಟೆಯನ್ನು ತಟ್ಟೆಯಾಗಿ ಯಾವ ದೂರದರ್ಶಕವೂ ಕಂಡಿಲ್ಲ. ಅಷ್ಟು ದೂರಕ್ಕೆ ಎಲ್ಲವೂ ಒಂದು ಚುಕ್ಕೆ. ಇದ್ದೇ ಇದೆ ಎಂದು ಸಾಧಿಸಿ ತೋರಿಸಿ ಹೆಸರು ಮಾಡಿದವರಲ್ಲಿ ಅವಳ ಭಾವನೂ ಒಬ್ಬ.

"ಅಕ್ಕ ಹೇಗಿದಾರೆ?" ಎಂದ ಪಕ್ಕದ ಮೇಜಿನ ಪಿಟೀಲು. ಸಂಬಳ, ಕಾಫಿ, ಕಂಪ್ಯೂಟರು, ಎಲ್ಲದರ ಬಗ್ಗೆಯೂ ಒಂದೇ ಎಳೆಯಲ್ಲಿ ಕೊರೆಯುತ್ತಾನೆಂದು ಅವನಿಗೆ ಆ ಹೆಸರು.

"ಇದಾಳೆ."

"ಟೈಲ್ಸು ಬಹಳ ಮೋಸ ಕಣ್ರೀ. ನಮ್ಮ ಚಿಕ್ಕಪ್ಪನೂ ಹೀಗೇ. ಒಂದು ರಬ್ಬರ್ ಮ್ಯಾಟ್ ಹಾಕಿದ್ದಿದ್ರೆ ಸೊಂಟ ಉಳೀತಿತ್ತು."

"ಹೌದು," ಎಂದಳು. ಅಷ್ಟು ಸಲೀಸಾಗಿ ಹೌದು ಎಂದ ತನ್ನ ಬಾಯಿಯ ಬಗ್ಗೆ ಅವಳಿಗೆ ಅಸಹ್ಯವಾಯಿತು. ತಂತಿ ಬಿಗಿಯಬೇಕಾದದ್ದು ಈ ಬಾಯಿಗೆ.

ನೆನ್ನೆ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಮಂಚದ ತಲೆಯ ಕಡೆಯ ಸರಳಿಗೆ ಒಂದು ದಾರ ಕಟ್ಟಿ, ದಾರದ ತುದಿಗೆ ತಂತಿ ಕತ್ತರಿಸುವ ಸಣ್ಣ ಕಟ್ಟರ್ ಒಂದನ್ನು ತೂಗುಬಿಟ್ಟಿದ್ದಳು. 'ವಾಂತಿ ಬಂತು ಅನ್ನಿ, ಬಾಯಿ ತೆಗೆಯೋಕಾಗಲ್ಲ, ಉಸಿರಿಗೆ ಸಿಕ್ಕಿಕೊಳ್ಳುತ್ತೆ. ಡಾಕ್ಟರು, ಗೀಕ್ಟರು ಅಂತ ಓಡಬೇಡಿ. ಇದನ್ನ ತಗೊಂಡು ಈ ನಾಲ್ಕು ಕಡೆ ಕಟ್ ಮಾಡಿ. ಮನೆಗೆ ಹೋದ ಮೇಲೂ ಅಷ್ಟೇ. ಇದು ಸದಾ ಪಕ್ಕದಲ್ಲಿರಬೇಕು, ಇದನ್ನ ಹಿಡಿಯೋರೂ ಪಕ್ಕದಲ್ಲಿರಬೇಕು.' ಹಾಗೆನ್ನುತ್ತ ಸಿಸ್ಟರು ನೋಡಿದ್ದು ಬಾಗಿಲ ಬಳಿ ಹೂಗುಚ್ಛ ಹಿಡಿದು ನಿಂತಿದ್ದ ಭಾವನನ್ನು. ಭಾವ ಮೃದುವಾಗಿ ತಲೆಯಾಡಿಸಿ, 'ನಾನಿರ್ತೀನಲ್ಲ ಸಿಸ್ಟರ್' ಎಂದಿದ್ದ. ಆಗ ಅಕ್ಕನ ಉಸಿರು ಹಲ್ಲಿನ ಸಂದಿಯಲ್ಲಿ ಸುಯ್ಯೆಂದದ್ದು ಇವಳಿಗೆ ಕೇಳಿಸಿತ್ತು. ಕೇಳಿಸಿಯೂ ಇವಳು ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದ್ದಳು.

ಹುಡುಕುವುದು, ತಡಕುವುದು, ಬೇರೆ ಕಡೆ ನೋಡುವುದು ಅವಳಿಗೆ ಕರಗತವಾದ ವಿದ್ಯೆ. ಡಿಗ್ರಿ ಮುಗಿಸಿ ಭಾವನ ಮನೆಗೆ ಬಂದು, ಅವನ ಲ್ಯಾಬಿಗೇ ಸೇರಿದಂದಿನಿಂದ ಅವಳಿಗೆ ಕೊಟ್ಟಿದ್ದದ್ದು ಅವರ ಮಲಗುವ ಕೋಣೆಗೆ ಒತ್ತಿಕೊಂಡ ಸಣ್ಣ ಕೋಣೆ. ಲ್ಯಾಬಿನಲ್ಲಿ ಅವಳ ಬೆನ್ನ ಹಿಂದೆ 'ನಾದಿನಿ ಕೋಟಾ' ಎನ್ನುತ್ತಿದ್ದರು. ಒಮ್ಮೆ ಪಿಟೀಲು ಎದುರಿಗೇ ಅಂದು, ಅಂದದ್ದು ತಿಳಿದು, ಕೆಮ್ಮಿದ್ದ. ಊಟವಾದ ಮೇಲೆ ಗೋಡೆಯಾಚೆ ಶುರುವಾಗುತ್ತಿತ್ತು. ಕಿರುಚಾಟವಲ್ಲ. ಕಿರುಚಿದ್ದರೆ ಓಡಿ ಹೋಗಬಹುದಿತ್ತೇನೋ. ಮೊದಲು ಅವನ ಮಾತು, ಲೆಕ್ಚರಿನಂಥ ಸಮನಾದ ಮಾತು. ಆಮೇಲೆ ಬೀರುವಿನ ಬಾಗಿಲಿಗೆ ಏನೋ ಬಡಿದ ಸದ್ದು, ಮತ್ತೆ ಅದೇ ಸದ್ದು, ಆಮೇಲೆ ಗಾಳಿ ಒಳಕ್ಕೆಳೆದುಕೊಂಡು ಹೊರಗೆ ಬಿಡದಿರುವವರ ಮೌನ. ಅವಳು ಎದ್ದು ಗೋಡೆಯ ರೆಗ್ಯುಲೇಟರಿನ ಕಿವಿ ತಿರುವಿ ಫ್ಯಾನನ್ನು ಐದಕ್ಕೆ ಇಡುತ್ತಿದ್ದಳು. ಹಳೆಯ ಫ್ಯಾನು, ಐದರಲ್ಲಿ ಕಟಕಟ ಎಂದು ಮನೆ ಎತ್ತುತ್ತಿತ್ತು. ಹಲ್ಲು ಕಟಕಟಿಸುವ ಚಳಿಯಲ್ಲೂ ಐದರಲ್ಲಿಟ್ಟು ಎರಡು ಕಂಬಳಿ ಹೊದ್ದು ಮಲಗಿದ್ದುಂಟು. ಒಂದು ಬೆಳಿಗ್ಗೆ ಅಕ್ಕ, ಮುಖವನ್ನು ಒಲೆಯ ಕಡೆಗೇ ಇಟ್ಟುಕೊಂಡು, ಹಾಲು ಉಕ್ಕದಂತೆ ನೋಡುತ್ತ, ಕೇಳಿದ್ದಳು: 'ಅಷ್ಟು ಸೆಕೆಯಾಯ್ತೇನೇ ನಿನಗೆ?' ಬೈಗುಳವಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಪ್ರಶ್ನೆ ಅವಳ ಬೆನ್ನಿನಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು, ತೆಗೆಯಲು ಕೈ ಎಟುಕದ ಜಾಗದಲ್ಲಿ.

ಎಲ್ಲರೂ ಬೋರ್ಡಿನ ಕೋಣೆಯಲ್ಲಿ ಸೇರಿದರು. ವಾರದ ಮೀಟಿಂಗು. ಬೋರ್ಡಿನ ಬಲಮೂಲೆಯಲ್ಲಿ ಒಂದು ತೂತು. ಹೊಸದಾಗಿ ಸೇರಿದವರಿಗೆಲ್ಲ ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ, 'ಮೇಷ್ಟ್ರ ಸಿಟ್ಟು ಇದು' ಎಂದು. ಆ ತೂತಿಗೆ ಕಾರಣ ಅವಳು. ಆ ಎಕ್ಸ್-ರೇ ಬೆಳಕನ್ನು ಹಿಡಿಯುವ ಉಪಗ್ರಹದ ಕಣ್ಣು ಒಮ್ಮೊಮ್ಮೆ ಮುಚ್ಚಿಕೊಳ್ಳುತ್ತದೆ: ಭೂಮಿ ಅಡ್ಡ ಬರುತ್ತದೆ, ಇಲ್ಲವೇ ಉಪಗ್ರಹ ವಿಕಿರಣದ ಪಟ್ಟಿಯೊಳಗೆ ಹೊಕ್ಕು ಕುರುಡಾಗುತ್ತದೆ. ಅಂಥ ಕೆಟ್ಟ ಹೊತ್ತನ್ನೆಲ್ಲ ಕತ್ತರಿಸಿ ಎಸೆದು, ಉಳಿದ ಒಳ್ಳೆಯ ಹೊತ್ತನ್ನಷ್ಟೇ ಸೇರಿಸಿ ಹೊಲಿಯುವುದು ಈ ಕಸುಬಿನ ಮೊದಲ ಪಾಠ. ಮೊದಲ ವರ್ಷ ಅವಳು ಕುಸಿತಗಳನ್ನೂ ಕೆಟ್ಟ ಹೊತ್ತೆಂದೇ ತಿಳಿದು ಒಂದೊಂದನ್ನೂ ಹುಡುಕಿ ಕತ್ತರಿಸಿದ್ದಳು. ಗೆರೆ ಬೆಣ್ಣೆಯಂತೆ ನುಣ್ಣಗೆ ಬಂದಿತ್ತು. ಭಾವ ಅದನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಸಿ, 'ಯಾರ ಕೈಕೆಲಸ ಇದು?' ಎಂದು ನಗುನಗುತ್ತ ಕೇಳಿದ್ದ. ಅವಳು ಕೈಯೆತ್ತಿದೊಡನೆ ಗಾಜಿನ ಪೇಪರ್‌ವೇಟು ಅವಳ ಕಿವಿಯ ಪಕ್ಕದಲ್ಲಿ ಸುಂಯ್ಯೆಂದು ಹೋಗಿ ಬೋರ್ಡಿಗೆ ನಾಟಿತು. ಕೋಣೆಯಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಅವನು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಪಾಠ ಹೇಳಿದ: 'ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಬೆಳಕು ಹೋದರೆ ಯಂತ್ರ ಕೆಟ್ಟಿದೆ ಅಂತಲ್ಲ ಮರಿ, ಮಧ್ಯೆ ಏನೋ ಅಡ್ಡ ಬರ್ತಿದೆ ಅಂತ. ಸುರಿಯೋ ಅನಿಲ ಬಂದು ಬಡಿದ ಕಡೆ ತಟ್ಟೆಯ ಅಂಚು ಊದಿಕೊಂಡಿರುತ್ತೆ. ಆ ಊತ ಅಡ್ಡ ಬಂದಾಗ ಬೆಳಕು ಕುಸಿಯುತ್ತೆ. ಆ ಊತವೇ ನಮ್ಮ ಸಾಕ್ಷಿ. ನೀನು ಸಾಕ್ಷೀನ ಕಸದ ಬುಟ್ಟಿಗೆ ಹಾಕಿ ಉಳಿದದ್ದನ್ನ ಇಸ್ತ್ರಿ ಮಾಡಿ ತಂದಿದ್ದೀಯ.' ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಕಿವಿಯ ಪಕ್ಕದ ಗಾಳಿ ಇನ್ನೂ ಬಿಸಿಯಾಗಿದ್ದಾಗಲೇ ನಕ್ಕಿದ್ದಳು.

ಇವತ್ತು ಭಾವ ಒಳಗೆ ಬಂದಾಗ ಬಲಗೈಯ ಗೆಣ್ಣುಗಳ ಮೇಲೆ ಪ್ಲಾಸ್ಟರ್ ಇತ್ತು. "ಕಾರಿನ ಬಾನೆಟ್ಟು," ಎಂದು ಯಾರೂ ಕೇಳದೆಯೇ ಹೇಳಿದ. ಯಾರೋ ಅಯ್ಯೋ ಎಂದರು. ಅವಳು ಎದ್ದು ನಿಂತು ಸಾಕ್ಷಿಗಳನ್ನು ಒಂದೊಂದಾಗಿ ಹೇಳತೊಡಗಿದಳು. ಅವಳ ದನಿ ಅವಳಿಗೇ ದೂರದಿಂದ ಕೇಳಿಸುತ್ತಿತ್ತು. ಕುಸಿತ ಒಂದು. ಅನಿಲದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಒಂದಿರಬೇಕಾದ ಗೆರೆ ಎರಡಾಗಿ ಸೀಳಿರುವುದು ಇನ್ನೊಂದು. ತಟ್ಟೆಯ ಒಂದು ಮಗ್ಗುಲು ನಮ್ಮ ಕಡೆ ಬರುತ್ತ, ಇನ್ನೊಂದು ದೂರ ಹೋಗುತ್ತ ಇದ್ದರೆ ಮಾತ್ರ ಹಾಗೆ ಸೀಳುತ್ತದೆ. ಆಮೇಲೆ ಆ ಅನಿಲದಲ್ಲಿರುವ ಕಬ್ಬಿಣ ಮೂಡಿಸುವ ಗೆರೆ. ಕಬ್ಬಿಣ ಎನ್ನುವಾಗ ನಾಲಿಗೆಯ ಗಾಯ ಹಲ್ಲಿಗೆ ತಾಗಿತು. ಸೂಜಿಯಂತೆ ಚೂಪಾಗಿ ನಿಲ್ಲಬೇಕಾದ ಗೆರೆ ಸತ್ತ ನಕ್ಷತ್ರದ ಪಕ್ಕದಲ್ಲಿ ಜಜ್ಜಿ ಎಳೆದಂತೆ ಅಗಲವಾಗಿರುತ್ತದೆ, ಒಂದು ಕಡೆಗೆ ಸೊಟ್ಟಗೆ, ನೆನ್ನೆ ಬ್ಯಾಂಡೇಜು ಬಿಚ್ಚಿದಾಗ ಕಂಡ ಅಕ್ಕನ ಮುಖದಂತೆ. ಅವಳು ನಿಲ್ಲಿಸಿದಳು.

"ಮುಂದೆ?" ಎಂದ ಭಾವ.

"ಒಂದೊಂದೇ ಆದರೆ ಬೇರೆ ಕಾರಣ ಹೇಳಬಹುದು. ಎಲ್ಲ ಸೇರಿದ ಮೇಲೆ ಬೇರೆ ಕಾರಣ ಉಳಿಯಲ್ಲ."

"ಆದ್ದರಿಂದ?"

"ಆದ್ದರಿಂದ ತಟ್ಟೆ ಇದೆ."

ಭಾವ ಹೊಸಬರ ಕಡೆ ತಿರುಗಿದ. "ನೋಡದ್ದನ್ನ ಇದೆ ಅಂತ ಹೇಳೋಕೆ ಗುಂಡಿಗೆ ಬೇಕ್ರಪ್ಪ. ಕಣ್ಣಿಗೆ ಕಂಡಿದ್ದನ್ನ ಯಾವ ದನ ಕಾಯೋನೂ ಹೇಳ್ತಾನೆ," ಎಂದ. ಎಲ್ಲರ ಮುಖದಲ್ಲೂ ಭಕ್ತಿ. ಈ ಮಾತನ್ನು ಅವನು ಎಷ್ಟು ವೇದಿಕೆಗಳಲ್ಲಿ ಆಡಿಲ್ಲ, ಎಷ್ಟು ಶಾಲು ಹೊದ್ದಿಲ್ಲ. ಅದನ್ನು ಕೇಳಿ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಒಂದು ಜೊತೆ ಅಕ್ಕನದು, ಮೊದಲ ಸಾಲಿನಲ್ಲಿ, ಉದ್ದ ತೋಳಿನ ಕುಪ್ಪಸದಲ್ಲಿ.

ಮೀಟಿಂಗು ಮುಗಿದ ಮೇಲೆ ಅವನು ಅವಳನ್ನು ಸರ್ವರ್ ಕೋಣೆಗೆ ಕರೆದ. ಗೋಡೆ ತುಂಬ ಯಂತ್ರಗಳು, ಪ್ರತಿ ಯಂತ್ರಕ್ಕೂ ಫ್ಯಾನು. ಒಳಗೆ ಆಡಿದ ಮಾತು ಒಳಗೇ ಸಾಯುವ ಜಾಗ. ಉಕ್ಕಿನ ದಪ್ಪ ಬಾಗಿಲಿಗೆ ಅಂಗೈಯಗಲದ ಗಾಜು. ಗಾಜಿನಾಚೆ ಮೇಜುಗಳು, ಪಿಟೀಲುವಿನ ಬೋಳುತಲೆ.

"ಮಧ್ಯಾಹ್ನ ಹೋಗ್ತೀಯಂತೆ."

"ಹೂಂ."

"ಹೋಗು. ಬೇಡ ಅನ್ನಲ್ಲ. ಒಂದೇ ಮಾತು ಮರಿ. ನೋಡಿದ್ದನ್ನ ಹೇಳು, ನೋಡದ್ದನ್ನ ಹೇಳಬೇಡ. ನಾನು ಕೈಯೆತ್ತಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ?"

ಅವಳು ನೆನಪನ್ನೆಲ್ಲ ತಡಕಿದಳು. ಬಾಗಿಲು ಯಾವಾಗಲೂ ಮುಚ್ಚಿತ್ತು. ಕಂಡದ್ದು ಮರುದಿನದ ಊತ, ಮರುದಿನದ ಉದ್ದ ತೋಳು, 'ತಲೆನೋವು' ಎಂದು ಅಕ್ಕ ಕೋಣೆಯಿಂದ ಹೊರಬಾರದ ದಿನಗಳು. ಆ ದಿನಗಳನ್ನು ಕತ್ತರಿಸಿ, ಉಳಿದ ದಿನಗಳನ್ನು ಹೊಲಿದು, ಅವಳು ಅಮ್ಮನಿಗೆ ಫೋನಿನಲ್ಲಿ ವಾರವಾರ ಬೆಣ್ಣೆಯಂಥ ಗೆರೆಯೊಂದನ್ನು ಒಪ್ಪಿಸುತ್ತಿದ್ದಳು: ಎಲ್ಲ ಚೆನ್ನಾಗಿದೀವಿ.

"ಇಲ್ಲ," ಎಂದಳು.

"ಮತ್ತೆ? ಮುಗೀತಲ್ಲ."

"ತಟ್ಟೇನೂ ನಾವು ನೋಡಿಲ್ಲ ಭಾವ."

ಲ್ಯಾಬಿನಲ್ಲಿ ಭಾವ ಎಂದು ಅವಳು ಕರೆದದ್ದು ಅದೇ ಮೊದಲು. ಅವನು ನಕ್ಕ. ನಿಜವಾಗಿಯೂ ಮೆಚ್ಚಿ ನಕ್ಕ. ತನ್ನ ಪಾಠ ಇಷ್ಟು ಚೆನ್ನಾಗಿ ತಲೆಗೆ ಹತ್ತಿದ್ದನ್ನು ಕಂಡ ಮೇಷ್ಟ್ರ ನಗು. "ಭೇಷ್. ಬಾಯಿ ಬಂದಿದೆ," ಎಂದ. ಆಮೇಲೆ ಅದೇ ಸಮನಾದ ದನಿಯಲ್ಲಿ, "ನಿಮ್ಮಕ್ಕನಿಗೂ ಮೊನ್ನೆ ಹೀಗೇ ಬಾಯಿ ಬಂದಿತ್ತು," ಎಂದ.

ಅವಳು ಬಾಗಿಲು ತೆಗೆದು ಹೊರಗೆ ಕಾಲಿಟ್ಟಳು. ಬಲಗೈ ಇನ್ನೂ ಚೌಕಟ್ಟಿನ ಮೇಲಿತ್ತು. ಬಾಗಿಲು ಹಿಂದಿನಿಂದ ಬಂತು. ಮೊದಲು ಸದ್ದು, ಕಬ್ಬಿನ ಜಲ್ಲೆ ಮುರಿದಂಥ ಸದ್ದು, ಅದು ತನ್ನ ಬೆರಳುಗಳದ್ದೆಂದು ಅವಳಿಗೆ ತಿಳಿಯುವ ಮೊದಲೇ. ನೋವು ಆಮೇಲೆ, ಮೊಳಕೈ ಹತ್ತಿ, ಕಂಕುಳು ಹತ್ತಿ, ಕಣ್ಣಿನ ಹಿಂದೆ ಬೆಳ್ಳಗೆ ಸಿಡಿಯಿತು. ಬಾಗಿಲು ತಕ್ಷಣ ತೆರೆಯಲಿಲ್ಲ. ಒಳಗಿನಿಂದ ಅದಕ್ಕೆ ಒಬ್ಬ ಮನುಷ್ಯನ ಭಾರ ಒರಗಿತ್ತು. ಗಾಜಿನಲ್ಲಿ ಅವನ ಮುಖ ಹತ್ತಿರವಾಗಿ, ಶಾಂತವಾಗಿ, ಪರೀಕ್ಷೆಯ ಕೋಣೆಯಲ್ಲಿ ಮಕ್ಕಳ ಮೇಲೆ ನಿಗಾ ಇಟ್ಟವನಂತೆ ಅವಳನ್ನೇ ನೋಡುತ್ತಿತ್ತು. ಬೀರುವಿನ ಬಾಗಿಲಿಗೆ ಬಡಿಯುತ್ತಿದ್ದುದು ಏನೆಂದು ಅವಳ ಬೆರಳುಗಳಿಗೆ ಆಗ ಗೊತ್ತಾಯಿತು. ಅವಳೂ ಕಿರುಚಲಿಲ್ಲ. ಗಾಳಿ ಒಳಕ್ಕೆ ಹೋಯಿತು, ಹೊರಗೆ ಬರಲಿಲ್ಲ. ಹೀಗಾ ಅಕ್ಕ, ಎಂದುಕೊಂಡಳು, ಹೀಗಾ ಅದು.

ಭಾರ ಸರಿಯಿತು. "ಅಯ್ಯಯ್ಯೋ, ನೋಡಬಾರದಾ ಮರಿ," ಎಂದು ಅವನು ಎಲ್ಲರಿಗೂ ಕೇಳುವಂತೆ ಅಂದ. "ಯಾರಾದ್ರೂ ಸ್ವಲ್ಪ ಐಸ್ ತನ್ನಿ." ಅವಳ ಭುಜ ತಟ್ಟಿ ತನ್ನ ಕೋಣೆಗೆ ನಡೆದ.

ಐಸು ತಂದವನು ಪಿಟೀಲು. ಬಟ್ಟಲನ್ನು ಅವಳ ಮುಂದೆ ಹಿಡಿದ. ಅವಳ ಮೂರು ಬೆರಳುಗಳು ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿ, ನಡುಬೆರಳಿನ ಉಗುರು ಎದ್ದು ನಿಂತಿತ್ತು.

"ನೋಡಿದ್ರಾ?" ಎಂದಳು.

"ಏನನ್ನ?"

"ಒಳಗಿನಿಂದ ಒತ್ತಿ ಹಿಡಿದಿದ್ದನ್ನ."

"ನಾನು... ನಾನು ಸ್ಕ್ರೀನ್ ನೋಡ್ತಿದ್ದೆ ಕಣ್ರೀ," ಎಂದ ಅವನು ಐಸಿನ ಬಟ್ಟಲಿಗೆ. ಆಮೇಲೆ, ಏನಾದರೂ ಹೇಳಲೇಬೇಕಲ್ಲ ಎಂದು, "ಈ ಬಾಗಿಲು ಬಹಳ ಮೋಸ," ಎಂದ.

ಅವಳಿಗೆ ನಗು ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಪಿಟೀಲುವಿನ ಬಗ್ಗೆ ಸಿಟ್ಟು ಮಾಡಿಕೊಳ್ಳಲು ಯೋಗ್ಯತೆ ಇರಬೇಕಿತ್ತು. ಇವನ ಸ್ಕ್ರೀನು, ತನ್ನ ಫ್ಯಾನು. ಒಂದೇ ಅಂಗಡಿಯ ಸಾಮಾನು.

ಬಸ್ಸಿನಲ್ಲಿ ಕೈಯನ್ನು ಎದೆಗೆ ಒತ್ತಿ ಹಿಡಿದು ಕೂತಳು. ಬಸ್ಸು ಕುಲುಕಿದಾಗಲೆಲ್ಲ ಬೆರಳುಗಳಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರು. ಜಜ್ಜಿದ ಗೆರೆ, ಊದಿದ ಅಂಚು, ಕಿತ್ತು ತಿನ್ನುವ ಸತ್ತ ನಕ್ಷತ್ರ. ತಲೆ ತನ್ನಷ್ಟಕ್ಕೆ ಜೋಡಿಸುತ್ತಿತ್ತು. ಥೂ, ಎಂದುಕೊಂಡಳು. ಎಷ್ಟು ಅಂದ, ಎಷ್ಟು ಸುಲಭ. ಭಾರವಿರುವುದು ಎಳೆಯುತ್ತದೆ, ಹಗುರಾದದ್ದು ಸುತ್ತುತ್ತದೆ, ಅದು ಪ್ರಕೃತಿ, ಯಾರೇನು ಮಾಡಲಾದೀತು ಎಂದು ಕೈ ತೊಳೆದುಕೊಳ್ಳಲು ಆಕಾಶದಷ್ಟು ದೊಡ್ಡ ನೆಪ. ನಕ್ಷತ್ರಕ್ಕೆ ಬೇರೆ ದಾರಿಯಿಲ್ಲ. ಅದು ಬಾಗಿಲಿಗೆ ಒರಗಿ ಗಾಜಿನಲ್ಲಿ ಮುಖ ನೋಡುವುದಿಲ್ಲ. ಹೊಡೆದು ಹೂ ತರುವುದಿಲ್ಲ. ಗೆಣ್ಣಿಗೆ ಪ್ಲಾಸ್ಟರ್ ಹಾಕಿಕೊಂಡು ಬಾನೆಟ್ಟು ಎನ್ನುವುದಿಲ್ಲ. ಇವನಿಗೆ ಬೇರೆ ದಾರಿಯಿತ್ತು, ಪ್ರತಿ ಸಲವೂ ಇತ್ತು. ತನಗೂ ಇತ್ತು. ಆ ಕೋಣೆಯಿಂದ ಈ ಕೋಣೆಗೆ ಒಂದು ಬಾಗಿಲು, ತಟ್ಟಿದರೆ ಸಾಕಿತ್ತು.

ಫೋನು ಎಡಗೈಯಲ್ಲಿ ಗುರುಗುಟ್ಟಿತು. ಅಮ್ಮ.

"ಎಲ್ಲಿದೀಯೇ?"

"ಆಸ್ಪತ್ರೆಗೆ ಹೋಗ್ತಿದೀನಿ."

"ನೋಡು, ಅವರು ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ರು ಪಾಪ. ಜಾರಿಬಿದ್ಲು ಅಂದ್ರೆ ಎಲ್ಲರಿಗೂ ಆಯ್ತು. ಉಂಡ ಮನೆಗೆ ಎರಡು ಬಗೀಬೇಡ. ನೀನು ಇವತ್ತು ಮನುಷ್ಯಳಾಗಿ ನಿಂತಿದೀಯ ಅಂದ್ರೆ ಯಾರಿಂದ?"

"ಅಕ್ಕನಿಂದ."

ಆ ಕಡೆ ದನಿ ಇಳಿಯಿತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ ಕಣೇ."

"ಉಣ್ಣೋಕೆ ಅವಳಿಗೆ ಬಾಯೆಲ್ಲಿದೆ ಅಮ್ಮ?"

ಅಮ್ಮ ಅಳತೊಡಗಿದಳು. ಅಮ್ಮನ ಅಳುವೂ ಸದ್ದಿಲ್ಲದ್ದು, ಒಳಕ್ಕೆ ಎಳೆದುಕೊಳ್ಳುವಂಥದ್ದು. ಯಾವ ಮನೆಯ, ಯಾವ ಗೋಡೆಯ ಹಿಂದೆ ಕಲಿತದ್ದೋ ಎಂದು ಅವಳಿಗೆ ಮೊದಲನೆಯ ಸಲ ಅನುಮಾನ ಬಂತು. ಫೋನನ್ನು ಕಿವಿಯಿಂದ ತೆಗೆಯದೆ, ಆಸ್ಪತ್ರೆಯ ಸ್ಟಾಪು ಬರುವವರೆಗೆ ಕೇಳಿಸಿಕೊಂಡಳು.

ವಾರ್ಡಿನಲ್ಲಿ ಭಾವ ಅವಳಿಗಿಂತ ಮೊದಲೇ ಬಂದಿದ್ದ. ಅಕ್ಕನ ಸೀರೆ, ಬಾಚಣಿಗೆ, ಲೋಟ ಎಲ್ಲ ಚೀಲದಲ್ಲಿ ನೀಟಾಗಿ ಕೂತಿದ್ದವು. ಮಂಚದ ಪಕ್ಕ ಕುರ್ಚಿಯಲ್ಲಿ ಅಧಿಕಾರಿಣಿ. ಮಧ್ಯವಯಸ್ಸಿನವಳು, ಊದಿದ ಪಾದಗಳನ್ನು ಬೂಟಿನಿಂದ ಅರ್ಧ ಹೊರಗೆ ತೆಗೆದು ಗಾಳಿಯಾಡಿಸುತ್ತಿದ್ದಳು. ತಲೆಯ ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು. ದೊಡ್ಡ ಸಿಸ್ಟರು ಕೊನೆಯ ಡ್ರಿಪ್ ಬಾಟಲಿ ಇಳಿಸುತ್ತಿದ್ದಳು. ಅಕ್ಕ ದಿಂಬಿಗೊರಗಿ ಕೂತಿದ್ದಳು. ಅವಳ ಕಣ್ಣು ಮೊದಲು ಹೋದದ್ದು ತಂಗಿಯ ಕೈಗೆ. ಅಲ್ಲೇ ನಿಂತಿತು.

"ಕೈಗೇನಮ್ಮ?" ಎಂದಳು ಅಧಿಕಾರಿಣಿ.

"ಲ್ಯಾಬಲ್ಲಿ ಬಾಗಿಲಿಗೆ ಸಿಕ್ಕಿಸಿಕೊಂಡ್ಲು," ಎಂದ ಭಾವ. "ಎರಡು ದಿನದಿಂದ ಸರಿಯಾಗಿ ನಿದ್ದೆಯಿಲ್ಲ ಪಾಪ, ಗಮನ ಎಲ್ಲೋ ಇರುತ್ತೆ."

ಅಧಿಕಾರಿಣಿ ಅವನನ್ನೊಮ್ಮೆ, ಅವನ ಗೆಣ್ಣಿನ ಪ್ಲಾಸ್ಟರನ್ನೊಮ್ಮೆ ನೋಡಿ ಪೆನ್ನಿನ ಕ್ಯಾಪು ತೆಗೆದಳು. "ನೇರ ವಿಷಯಕ್ಕೆ ಬರ್ತೀನಿ. ಇವರು ಹೊಡೆದದ್ದನ್ನ ನೀವು ನೋಡಿದ್ರಾ?"

"ಇಲ್ಲ."

ಭಾವ ಉಸಿರು ಬಿಟ್ಟ.

"ನೋಡಿಲ್ಲ ಅಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ. ಅದರ ಕೆಳಗೆ ಇದನ್ನೂ ಬರ್ಕೊಳ್ಳಿ." ಅವಳ ದನಿ ಬೆಳಿಗ್ಗೆಯ ಹಾಗೆ ದೂರದಿಂದ ಬರುತ್ತಿರಲಿಲ್ಲ. "ಅವರ ರೂಮಿಗೂ ನನ್ನ ರೂಮಿಗೂ ಒಂದೇ ಗೋಡೆ. ಇವರ ಪೇಪರನ್ನ ಯಾರಾದ್ರೂ ವಾಪಸ್ ಕಳಿಸಿದ ದಿನ, ಮೀಟಿಂಗಲ್ಲಿ ಇನ್ನೊಬ್ಬರನ್ನ ಹೊಗಳಿದ ದಿನ, ಊಟ ಆದ ಮೇಲೆ ಬೀರುವಿಗೆ ಏನೋ ಬಡೀತಿತ್ತು. ಮಾರನೇ ದಿನ ಅಕ್ಕನಿಗೆ ತಲೆನೋವು. ಇನ್ನೊಂದು ದಿನ ಜಾರಿದ್ದು, ಇನ್ನೊಂದು ದಿನ ಕಪಾಟು ತಗುಲಿದ್ದು. ಒಂದೊಂದನ್ನೇ ತಗೊಂಡ್ರೆ ಎಲ್ಲವೂ ನಿಜ ಇರಬಹುದು. ಎಲ್ಲ ಸೇರಿಸಿದ್ರೆ ಒಂದೇ ಕಾರಣ ಉಳಿಯುತ್ತೆ. ಇವತ್ತು ಬೆಳಿಗ್ಗೆ ಲ್ಯಾಬಲ್ಲಿ, ನಿಮ್ಮಕ್ಕನಿಗೂ ಮೊನ್ನೆ ಹೀಗೇ ಬಾಯಿ ಬಂದಿತ್ತು ಅಂತ ಇವರ ಬಾಯಿಂದಾನೇ ಬಂತು. ಆಮೇಲೆ ನನ್ನ ಕೈ ಮೇಲೆ ಬಾಗಿಲು ಹಾಕಿ ಒಳಗಿನಿಂದ ಒರಗಿ ನಿಂತ್ರು. ಅದನ್ನ ಮಾತ್ರ ಕಣ್ಣಾರೆ ನೋಡಿದೀನಿ."

"ಮರಿ, ನಿನಗೆ ಆರಾಮಿಲ್ಲ," ಎಂದ ಭಾವ.

"ಇನ್ನೊಂದಿದೆ." ಈಗ ಅವಳು ಅಧಿಕಾರಿಣಿಯನ್ನು ಬಿಟ್ಟು ಅಕ್ಕನನ್ನು ನೋಡುತ್ತಿದ್ದಳು. "ಸದ್ದು ಶುರುವಾದಾಗ ನಾನು ಎದ್ದು ಫ್ಯಾನು ಐದಕ್ಕೆ ಇಡ್ತಿದ್ದೆ. ಚಳೀಲೂ. ಕೇಳಿಸಬಾರದು ಅಂತ. ಅದನ್ನೂ ಬರೀರಿ. ಕೇಳಿಸದೇ ಇದ್ದಿದ್ರೆ ಇಡ್ತಿರಲಿಲ್ಲ."

ಅಕ್ಕ ಮುಖ ತಿರುಗಿಸಿಕೊಂಡಳು. ಕ್ಷಮಿಸಿದ ಗುರುತು ಅದರಲ್ಲಿ ಏನೂ ಇರಲಿಲ್ಲ. ಅಧಿಕಾರಿಣಿ ಬರೆಯುತ್ತಲೇ ಇದ್ದಳು, ಕಾಗದದಿಂದ ತಲೆಯೆತ್ತಲಿಲ್ಲ. ಭಾವ ಎದ್ದು ನಿಂತ. ಅವನ ಸಹನೆ ಮೆಚ್ಚುವಂಥದ್ದಾಗಿತ್ತು. ಕತ್ತಿನ ನರವೊಂದು ಮಾತ್ರ ಅವನ ಮಾತು ಕೇಳದೆ ಹೊಡೆದುಕೊಳ್ಳುತ್ತಿತ್ತು. "ಬರ್ಕೊಳ್ಳಿ ಮೇಡಂ, ಫ್ಯಾನು, ಬೀರು, ಎಲ್ಲಾ ಬರ್ಕೊಳ್ಳಿ. ಇದು ನಮ್ಮ ಮನೆ ವಿಷಯ, ಮನೇಲಿ ನೋಡ್ಕೋತೀವಿ. ಡಿಸ್ಚಾರ್ಜ್ ಆಗಿದೆ, ಹೊರಡ್ತೀವಿ," ಎನ್ನುತ್ತ ಚೀಲವನ್ನು ಹೆಗಲಿಗೇರಿಸಿ, ಮಂಚದ ಸರಳಿಗೆ ತೂಗುಬಿದ್ದಿದ್ದ ಕಟ್ಟರಿಗೆ ಕೈ ಚಾಚಿದ. "ಇದು ನನ್ನ ಹತ್ತಿರ ಇರ್ಲಿ."

ಅದಕ್ಕಿಂತ ಮೊದಲು ಅದು ಅಕ್ಕನ ಮುಷ್ಟಿಯಲ್ಲಿತ್ತು. ಯಾವಾಗ ತೆಗೆದುಕೊಂಡಳೋ, ಮುಖ ತಿರುಗಿಸಿದಾಗಲೇ ಇರಬೇಕು. ಅವನು ದಾರ ಹಿಡಿದು ಎಳೆದ. ಅಕ್ಕ ಬಿಡಲಿಲ್ಲ. ಅವನು ಇನ್ನೊಂದು ಕೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ, ಅಭ್ಯಾಸವಿದ್ದವನಂತೆ, ಕಿರುಬೆರಳಿನಿಂದ ಶುರುಮಾಡಿ. ಅಷ್ಟರಲ್ಲಿ ಕಟ್ಟರಿನ ಬಾಯಿ ತೆರೆಯಿತು, ಅವನ ಹೆಬ್ಬೆರಳಿನ ಬುಡದ ಮಾಂಸವನ್ನು ಕಚ್ಚಿತು, ಮತ್ತು ಅಕ್ಕ ತನ್ನ ಎರಡೂ ಕೈಯ ಬಲವನ್ನು ಹಾಕಿ ಅದನ್ನು ಮುಚ್ಚಿದಳು. ಕಚ್ಚಲಾಗದ ಬಾಯಿಯ ಹಲ್ಲುಗಳ ನಡುವೆ ತಂತಿ ಬಿರಿಯುವಂತೆ ಬಿಗಿದಿತ್ತು. ಅವನು ಕಿರುಚಿದ. ಇಷ್ಟು ವರ್ಷ ಒಂದೇ ಗೋಡೆಯ ಆಚೆಗಿದ್ದರೂ ಅವನ ಕಿರುಚು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತೆಳ್ಳಗೆ, ಆಶ್ಚರ್ಯದಿಂದ ತುಂಬಿತ್ತು. ಬಿಳಿ ಹೊದಿಕೆಯ ಮೇಲೆ ರಕ್ತ ತಟತಟನೆ ಬಿತ್ತು.

"ನೋಡಿದ್ರಲ್ಲ," ಎಂದ ಅವನು, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಮುಖ ಸುಣ್ಣವಾಗಿ. "ನೋಡಿದ್ರಲ್ಲ ಮೇಡಂ."

"ನಾನು ಬರೀತಿದ್ದೆ," ಎಂದಳು ಅಧಿಕಾರಿಣಿ.

"ಸಿಸ್ಟರ್, ನೀವು?"

"ನಾನು ಡ್ರಿಪ್ ನೋಡ್ತಿದ್ದೆ ಸಾರ್. ಅದು ಬಹಳ ಹರಿತ, ಹುಷಾರಾಗಿರಬೇಕಲ್ವಾ."

ಅವನು ನಾದಿನಿಯ ಕಡೆ ತಿರುಗಿದ. "ನೀನು ನೋಡಿದೆ," ಎಂದ. ಆ ದನಿಯಲ್ಲಿ ಆಜ್ಞೆಯಿತ್ತು. ಅದರಡಿಯಲ್ಲಿ, ಅವಳು ಎಂದೂ ಕೇಳದ ಬೇಡಿಕೆಯೂ ಇತ್ತು. ಸಿಸ್ಟರು ಅವಳ ಕಡೆ ಕಣ್ಣಲ್ಲೇ ಬೇಡ ಎಂದಳು. ಇಲ್ಲವೆಂದರೆ ಮುಗಿಯುತ್ತಿತ್ತು. ಇಲ್ಲ ಎನ್ನುವುದು ಎಷ್ಟು ಸುಲಭ, ಬೆಣ್ಣೆಯಂತೆ ನುಣ್ಣಗೆ. ಅಕ್ಕ ತಿರುಗಿ ಅವಳನ್ನೇ ನೋಡುತ್ತಿದ್ದಳು. ಕಟ್ಟರು ಇನ್ನೂ ಮುಷ್ಟಿಯಲ್ಲಿತ್ತು, ಕಣ್ಣಲ್ಲಿ ಹೆದರಿಕೆಯ ಲವಲೇಶವಿರಲಿಲ್ಲ. ಈ ಅಕ್ಕನನ್ನು ಕತ್ತರಿಸಿ ಎಸೆದರೆ ಉಳಿಯುವುದು ಮತ್ತೆ ಬಚ್ಚಲಲ್ಲಿ ಜಾರಿದ ಅಕ್ಕನೇ.

"ನೋಡಿದೆ," ಎಂದಳು. "ಕಣ್ಣಾರೆ ನೋಡಿದೆ. ಬರ್ಕೊಳ್ಳಿ ಮೇಡಂ. ಮೊದಲು ಬೀರು, ಆಮೇಲೆ ದವಡೆ, ಆಮೇಲೆ ನನ್ನ ಕೈ, ಆಮೇಲೆ ಉಸಿರಿಗೆ ಅಂತ ಕೊಟ್ಟಿದ್ದನ್ನ ಇವರು ಕಿತ್ತುಕೊಂಡಿದ್ದು. ಆಮೇಲೆ ಇದು. ಹಿಂದುಮುಂದು ಮಾಡಬೇಡಿ. ಯಾವುದನ್ನೂ ಬಿಡಬೇಡಿ."

ಅಧಿಕಾರಿಣಿ ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಪಾದಗಳನ್ನು ಬೂಟಿನೊಳಗೆ ತೂರಿಸಿದಳು. "ಸಾರ್, ನೀವು ಹೊರಗೆ ಕಾರಿಡಾರಲ್ಲಿ ಕೂತಿರಿ. ಎಲ್ಲೂ ಹೋಗಬೇಡಿ. ಸಿಸ್ಟರ್, ಇವತ್ತು ಡಿಸ್ಚಾರ್ಜ್ ಇಲ್ಲ ಅಂತ ಡಾಕ್ಟರಿಗೆ ತಿಳಿಸಿ." ಆಮೇಲೆ ಪೆನ್ನು ಹಿಡಿದು ಅಕ್ಕನ ಕಡೆ ಬಗ್ಗಿದಳು. "ನೀವು ಏನಾದ್ರೂ ಹೇಳ್ತೀರೇನಮ್ಮ?"

ಅಕ್ಕನ ತುಟಿ ಅಲ್ಲಾಡಿತು. ಹಲ್ಲಿನ ಸಂದಿಯಲ್ಲಿ ಏನೋ ಹೊರಟಿತು.

"ಫ್ಯಾನಿನ ಸದ್ದಿಗೆ ಒಂದೂ ಕೇಳ್ತಿಲ್ಲ," ಎಂದಳು ಅಧಿಕಾರಿಣಿ.

ಅವಳು ಗೋಡೆಯ ಬಳಿಗೆ ಹೋದಳು. ಬಲಗೈ ಏಳಲಿಲ್ಲ. ಎಡಗೈಯಿಂದ ರೆಗ್ಯುಲೇಟರಿನ ಕಿವಿ ಹಿಡಿದು, ಐದರಿಂದ ನಾಲ್ಕು, ಮೂರು, ಕೆಳಕೆಳಗೆ ತಿರುವಿದಳು. ರೆಕ್ಕೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣಿಸಿಕೊಂಡು, ನಿಂತವು. ಸೆಕೆ ಮೇಲಿನಿಂದ ಇಳಿಯಿತು. ಅಕ್ಕನ ಉಸಿರು ತಂತಿಯ ನಡುವಿನಿಂದ ಸುಯ್ಯೆಂದು ಬಂದು ಇಡೀ ವಾರ್ಡಿಗೆ ಕೇಳಿಸಿತು.